ಕಾಲು ಸುಮ್ನೆ ಇರುವುದಿಲ್ಲ, ರಿಪೋರ್ಟ್ ಮಾತ್ರ ನಾರ್ಮಲ್!

ಪ್ರಶ್ನೆ: ನನಗೆ 46 ವರ್ಷ. ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ, ಮನೆ. ಹಗಲು ಓಡಾಡುವಾಗ ಏನೂ ತೊಂದರೆ ಇಲ್ಲ. ಸಂಜೆ ಅಡಿಕೆ ಸುಲಿಯಲು ಕೂತರೆ ಮೊಣಕಾಲಿನ ಕೆಳಗೆ, ಮಾಂಸದೊಳಗೆ ಇರುವೆ ಹರಿದ ಹಾಗೆ ಆಗುತ್ತದೆ. ನೋವೂ ಅಲ್ಲ, ಉರಿಯೂ ಅಲ್ಲ. ಎದ್ದು ಜಗಲಿಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಹೋಗುತ್ತದೆ, ಕೂತರೆ ಮತ್ತೆ ಶುರು. ಯಕ್ಷಗಾನ ಆಟಕ್ಕೆ ಹೋದರೂ ಕುರ್ಚಿ ಬಿಟ್ಟು ಹಿಂದೆ ನಿಂತೇ ನೋಡುತ್ತೇನೆ. ಮಲಗಿದರೆ ಇನ್ನೂ ಜಾಸ್ತಿ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ‘ಎಲ್ಲ ನಾರ್ಮಲ್, ಟೆನ್ಶನ್ ಬಿಡಿ’ ಎಂದರು. ಹಿಮೋಗ್ಲೋಬಿನ್ 12.2, ಫೆರಿಟಿನ್ 22 ಉಂಟು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಅಡಿಕೆ ಧೂಳಿಗೆ ಸೀನು ಬರುವ ಕಾರಣ ರಾತ್ರಿ ಕ್ಲೋರ್ಫೆನಿರಮಿನ್ ಮಾತ್ರೆ ತಿನ್ನುತ್ತೇನೆ, ಹಾಗಾದರೂ ನಿದ್ದೆ ಬರಲಿ ಅಂತ. ನನ್ನ ಅಮ್ಮನೂ ರಾತ್ರಿ ನಮ್ಮನ್ನು ಕೂರಿಸಿ ಕಾಲು ಒತ್ತಿಸಿಕೊಳ್ಳುತ್ತಿದ್ದರು. ಮಗ ನನ್ನನ್ನು ನೋಡಿ ನಗುತ್ತಾನೆ. ಇದು ರೋಗವಾ, ನನ್ನ ಭ್ರಮೆಯಾ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಭ್ರಮೆ ಅಲ್ಲ ಅಕ್ಕ. ಪತ್ರ ನೋಡಿ ರೋಗ ಖಚಿತ ಮಾಡುವಂತಿಲ್ಲ. ಆದರೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ (ಕಾಲು ಸುಮ್ಮನಿರದ ಕಾಯಿಲೆ) ಎಂದು ಹೇಳಲು ನಾವು ಕೇಳುವ ಪ್ರಶ್ನೆಗಳಿಗೆಲ್ಲ ನೀವು ಮೊದಲೇ ಉತ್ತರ ಬರೆದಿದ್ದೀರಿ. ಕಾಲು ಆಡಿಸಲೇಬೇಕು ಅನ್ನಿಸುವುದು, ಕೂತಾಗ ಮಲಗಿದಾಗ ಶುರುವಾಗುವುದು, ನಡೆದರೆ ಇಳಿಯುವುದು, ಸಂಜೆಯ ಮೇಲೆ ಏರುವುದು. ಇದಕ್ಕೆ ಸ್ಕ್ಯಾನ್ ಏನೂ ಬೇಡ, ಸರಿಯಾಗಿ ಕೇಳಿಸಿಕೊಂಡರೆ ಸಾಕು. ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ 1672ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ಪೂರ್ತಿ ವಿವರಿಸಿ ಹೆಸರು ಕೊಟ್ಟ. ಇದು ಮನೆತನದಲ್ಲಿ ಬರುವುದೂ ಉಂಟು. ನಿಮ್ಮ ಅಮ್ಮನ ಕಾಲು ಒತ್ತಿಸುವಿಕೆ ಬರೇ ಸುಸ್ತಿಗೆ ಆಗಿರಲಿಕ್ಕಿಲ್ಲ. ಮಗನಿಗೆ ಇದನ್ನು ಓದಿ ಹೇಳಿ, ನಾಳೆ ಅವನಿಗೂ ಬೇಕಾದೀತು.

ನಿಮ್ಮ ಡಾಕ್ಟರಿಗೆ ಇದು ಯಾಕೆ ಕಾಣಲಿಲ್ಲ? ನೀವು ಓ.ಪಿ.ಗೆ ಹೋಗುವುದು ಬೆಳಿಗ್ಗೆ ಹನ್ನೊಂದಕ್ಕೆ. ಆಗ ಕಾಲು ಶಾಂತವಾಗಿರುತ್ತದೆ, ಮುಟ್ಟಿ ನೋಡಿದರೂ ಏನೂ ಸಿಗುವುದಿಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ. ‘ಕಾಲು ನೋವು’ ಎಂದಿರೋ, ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹಾಗಾಗಿ ಕೂತ ಕೂಡಲೇ ಹೇಳಿ: ‘ನೋವಲ್ಲ ಡಾಕ್ಟ್ರೇ, ಸಂಜೆ ಕೂತರೆ ಕಾಲು ಆಡಿಸದೆ ಇರಲಿಕ್ಕೆ ಆಗುವುದಿಲ್ಲ, ನಡೆದರೆ ಹೋಗುತ್ತದೆ.’ ಆಟ ನಿಂತು ನೋಡುವ ಸಂಗತಿಯನ್ನೂ ಬಿಡಬೇಡಿ. ಎಷ್ಟು ತೊಂದರೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಇನ್ನು ಆ 22ರ ವಿಷಯ. ಫೆರಿಟಿನ್ ಎಂದರೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನಿನ ಲೆಕ್ಕ. ಹಿಮೋಗ್ಲೋಬಿನ್ ಸರಿ ಇದ್ದರೂ ದಾಸ್ತಾನು ಖಾಲಿಯಾಗಿರಬಹುದು. ಲ್ಯಾಬಿನವರ ಅಳತೆಯಲ್ಲಿ 22 ಸರಿ, ಹಾಗಾಗಿ ರಿಪೋರ್ಟಿನಲ್ಲಿ ಗುರುತು ಬೀಳಲಿಲ್ಲ. ಆದರೆ ಈ ಕಾಯಿಲೆಯಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡಬೇಕೆಂದು ತಜ್ಞರ ಮಾರ್ಗಸೂಚಿ ಇದೆ. ಮಿದುಳಿಗೆ ಕಬ್ಬಿಣ ಸಾಲದಿದ್ದರೆ ಚಲನೆಯನ್ನು ನಿಯಂತ್ರಿಸಲು ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸ ಏರುಪೇರಾಗುತ್ತದೆ. ರಕ್ತದಲ್ಲಿ ಕಬ್ಬಿಣದ ಸಾಗಾಟ ಎಷ್ಟಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ನನ್ನೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿಸಿ. ಜ್ವರ ಇರುವಾಗ ಬೇಡ, ಆಗ ಫೆರಿಟಿನ್ ಸುಳ್ಳು ಲೆಕ್ಕ ತೋರಿಸುತ್ತದೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾ, ಕಾಫಿ, ಹಾಲಿನೊಟ್ಟಿಗೆ ನುಂಗಬೇಡಿ. ನಿಂಬೆ ಶರಬತ್ತು ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಕಿಲ್ಲ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ. ಡಾಕ್ಟರನ್ನು ಕೇಳದೆ ನೀವಾಗಿಯೇ ಮಾತ್ರೆ ತಿನ್ನಬೇಡಿ, ಕಬ್ಬಿಣ ಜಾಸ್ತಿಯಾದರೂ ಕೆಟ್ಟದ್ದೇ. ಮತ್ತೆ ಆ ರಕ್ತಸ್ರಾವ! ಅದನ್ನು ಸ್ತ್ರೀರೋಗ ತಜ್ಞರಿಗೆ ತೋರಿಸದಿದ್ದರೆ ಎಷ್ಟು ತುಂಬಿದರೂ ಸೋರಿಯೇ ಹೋಗುತ್ತದೆ.

ಅಲರ್ಜಿ ಮಾತ್ರೆಯ ಮೇಲೂ ನನಗೆ ಅನುಮಾನ. ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳು ಈ ಕಾಲಿನ ಕಾಟವನ್ನು ಹೆಚ್ಚು ಮಾಡುತ್ತವೆ. ನಿದ್ದೆಗೆಂದು ತಿಂದದ್ದೇ ನಿದ್ದೆ ಕೆಡಿಸುತ್ತಿರಬಹುದು. ಡಾಕ್ಟರನ್ನು ಕೇಳಿ ಬೇರೆ ಮಾತ್ರೆಗೆ ಬದಲಾಯಿಸಿ, ಸುಲಿಯುವಾಗ ಮೂಗಿಗೆ ಬಟ್ಟೆ ಕಟ್ಟಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಖಿನ್ನತೆಯ ಹಲವು ಮಾತ್ರೆಗಳೂ ಇದೇ ಸಾಲಿನವು. ಆದರೆ ಖಿನ್ನತೆಯ ಮಾತ್ರೆ ತಿನ್ನುವವರು ಇದನ್ನು ಓದಿ ಸುಮ್ನೆ ನಿಲ್ಲಿಸಿಬಿಡಬೇಡಿ, ಬರೆದುಕೊಟ್ಟವರನ್ನೇ ಕೇಳಿ.

ಇಷ್ಟಾಗಿಯೂ ಕಡಿಮೆಯಾಗದಿದ್ದರೆ ಔಷಧಿ ಉಂಟು. ಹಿಂದೆ ಮೊದಲಿಗೇ ಡೋಪಮಿನ್‌ನ ಹಾಗೆ ಕೆಲಸ ಮಾಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಕೊಡುತ್ತಿದ್ದೆವು. ಆದರೆ ಅವನ್ನು ತುಂಬ ಕಾಲ ತಿಂದ ಕೆಲವರಿಗೆ ಕಾಟ ಸಂಜೆಗೆ ಬದಲು ಮಧ್ಯಾಹ್ನವೇ ಶುರುವಾಗಿ, ಕೈಗೂ ಹಬ್ಬುತ್ತದೆ. ಅದಕ್ಕೇ ಈಗ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮುಂದೆ ಬಂದಿವೆ. ಇವುಗಳಿಂದ ತಲೆ ತಿರುಗಬಹುದು, ರಾತ್ರಿ ಏಳುವಾಗ ಜಾಗ್ರತೆ.

ಮೊದಲು ಫಿಸಿಶಿಯನ್ ಹತ್ತಿರ ಹೋಗಿ. ನರರೋಗ ತಜ್ಞರೇ ಬೇಕಾಗಿ ಮಂಗಳೂರಿಗೆ ಹೋಗುವುದಾದರೆ, ರಕ್ತ ಪರೀಕ್ಷೆ ಕಾಸರಗೋಡಿನಲ್ಲೇ ಮುಗಿಸಿಕೊಂಡು ಹೋಗಿ, ಒಂದು ಸುತ್ತು ಪ್ರಯಾಣ ಉಳಿಯುತ್ತದೆ. ತಿನ್ನುವ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ, ‘ಬಿಳಿ ಮಾತ್ರೆ’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?