ಸಂಪಾದಕರ ಉತ್ತರ: ಜೇಬು ಬೇರೆ, ತಿಜೋರಿ ಬೇರೆ

ಗಂಗಾವತಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹಮಾಲಿ ಬಾಕಿ ವಿಚಾರಕ್ಕೆ ನಡೆದ ಹೊಡೆದಾಟದಲ್ಲಿ ಅವರ ತಮ್ಮನನ್ನು ಪೊಲೀಸರು ಬಂಧಿಸಿದರು. ಅದೇ ರಾತ್ರಿ 11ಕ್ಕೆ ಮೂವರು ಮನೆಗೆ ಬಂದು ತಿಜೋರಿ ತೆಗೆಸಿದರು. ಅವ್ವ ಹಳೇ ಸೀರೆ ತುಂಡಿನಲ್ಲಿ ಸುತ್ತಿಟ್ಟಿದ್ದ ಚಿನ್ನದ ಬೋರಮಾಳ ಸರ ಮತ್ತು ಹೊಲದ ಕಾಗದ ಒಯ್ದರು. ಒಂದು ಚೀಟಿಯನ್ನೂ ಕೊಡಲಿಲ್ಲ. ಠಾಣೆಯಲ್ಲಿ ತಮ್ಮನ ಬೆರಳು ಹಿಡಿದು ಒತ್ತಿಸಿ ಫೋನ್ ತೆರೆದರು. 'ಅರೆಸ್ಟ್ ಆದ ಮೇಲೆ ಎಲ್ಲಾ ನಮ್ಮ ಕೈಯಾಗೈತಿ ಅಂದ್ರು. ಇದು ಖರೇನಾ?' ಎಂದು ಕೇಳಿದ್ದಾರೆ.

ಪ್ರಿಯ ಓದುಗರೇ,

ಖರೇ ಅಲ್ಲ. ಪತ್ರದಲ್ಲಿ ನೀವು 'ರೊಕ್ಕ ಇಲ್ಲದವರು ನಾವು, ಕೇಳಿದರೆ ತಮ್ಮನಿಗೆ ಇನ್ನೂ ಹೊಡೀತಾರೇನೋ ಅಂತ ಸುಮ್ನೆ ನಿಂತೆವು' ಎಂದು ಬರೆದ ಸಾಲು ನನ್ನನ್ನು ಎರಡು ದಿನ ಬಿಡಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 49ನೇ ಕಲಂ ಬಂಧಿತನ ಮೈ ತಪಾಸಣೆಗೆ ಅವಕಾಶ ಕೊಡುತ್ತದೆ. ಜೇಬಿನಲ್ಲಿ, ಮೈಮೇಲೆ ಸಿಕ್ಕಿದ್ದನ್ನು ಪೊಲೀಸರು ತೆಗೆದಿಡಬಹುದು. ಉಟ್ಟ ಬಟ್ಟೆ ಬಿಡಬೇಕು. ತೆಗೆದುಕೊಂಡದ್ದಕ್ಕೆಲ್ಲ ರಸೀದಿ ಕೊಡಲೇಬೇಕು. ಬಂಧಿತರು ಹೆಣ್ಣುಮಗಳಾದರೆ ಇನ್ನೊಬ್ಬ ಹೆಣ್ಣುಮಗಳೇ, ಮರ್ಯಾದೆಗೆ ಧಕ್ಕೆ ಬಾರದಂತೆ ತಪಾಸಣೆ ಮಾಡಬೇಕು. ಈ ಕಲಮಿನ ಅಧಿಕಾರ ಮೈ ತಪಾಸಣೆಗೇ ಮುಗಿಯಿತು. ನಿಮ್ಮ ಮನೆ ಬಾಗಿಲವರೆಗೆ ಅದು ಬರುವುದಿಲ್ಲ.

ಮನೆಗೆ ಬೇರೆ ಲೆಕ್ಕ. ಕೋರ್ಟಿನ ಸರ್ಚ್ ವಾರಂಟ್ ಬೇಕು. ವಾರಂಟ್ ಇಲ್ಲದೆ ಬರಬೇಕಾದರೆ 185ನೇ ಕಲಂ ಹೇಳಿದಂತೆ ನಡೆಯಬೇಕು. ತನಿಖೆಗೆ ಬೇಕಾದ ವಸ್ತು ಇದೇ ಮನೆಯಲ್ಲಿದೆ, ಬೇರೆ ದಾರಿಯಲ್ಲಿ ಹೋದರೆ ತಡವಾಗುತ್ತದೆ ಎಂದು ನಂಬಲು ಅಧಿಕಾರಿಗೆ ಕಾರಣ ಇರಬೇಕು. ಆ ಕಾರಣವನ್ನೂ, ಯಾವ ವಸ್ತು ಹುಡುಕುತ್ತಿದ್ದೇವೆ ಎನ್ನುವುದನ್ನೂ ಮೊದಲೇ ಬರೆದಿಡಬೇಕು. ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಅದರ ನಕಲನ್ನು ಪುಕ್ಕಟೆ ಕೊಡಬೇಕು.

ಈಗ ನಿಮ್ಮ ಮನೆಯ ಸಂಗತಿಯನ್ನೇ ನೋಡಿ. ಹೊಡೆದಾಟದ ಕೇಸಿನಲ್ಲಿ ಬಡಿಗೆ ಹುಡುಕಿದರು ಅಂದರೆ ಒಪ್ಪಬಹುದು. ರಕ್ತ ಹತ್ತಿದ ಅಂಗಿ ಹುಡುಕಿದರು ಅಂದರೂ ಸರಿ. ಅವ್ವನ ಬೋರಮಾಳಕ್ಕೂ ಹಮಾಲಿ ಬಾಕಿ ಜಗಳಕ್ಕೂ ಏನು ಸಂಬಂಧ? ಕಳವಿನ ಮಾಲು ಎಂಬ ಅನುಮಾನ ಇದ್ದರೆ, ಇಲ್ಲವೇ ಅಪರಾಧದ ಅನುಮಾನ ಹುಟ್ಟಿಸುವಂತಿದ್ದರೆ ವಸ್ತುವನ್ನು ಜಪ್ತಿ ಮಾಡಬಹುದು. ಹಾಗೆ ಮಾಡಿದ್ದನ್ನೂ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಹೊಲದ ಕಾಗದದ ಮಾತಂತೂ ದೂರವೇ ಉಳಿಯಿತು.

ರಾತ್ರಿ ಬಂದದ್ದೇ ತಪ್ಪಲ್ವಾ ಎಂದೂ ಕೇಳಿದ್ದೀರಿ. ಸಾಮಾನ್ಯ ಕಾನೂನಿನಲ್ಲಿ ಮನೆ ಶೋಧಕ್ಕೆ ಅಂಥ ಹೊತ್ತಿನ ಗೆರೆ ಇಲ್ಲ. ಸೂರ್ಯ ಮುಳುಗಿದ ಮೇಲೆ ಕೂಡದು ಎನ್ನುವುದು ಹೆಣ್ಣುಮಕ್ಕಳ ಬಂಧನದ ಮಾತು. ಅದಕ್ಕೂ ತೀರಾ ವಿಶೇಷ ಸಂದರ್ಭದ ವಿನಾಯಿತಿ ಇದೆ.

ಶೋಧ ನಡೆಯುವಾಗ ಅದೇ ಊರಿನ, ಕೇಸಿಗೆ ಸಂಬಂಧವಿಲ್ಲದ ಇಬ್ಬರು ಮರ್ಯಾದಸ್ಥರು ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಎದುರಿಗಿರಬೇಕು. ಮನೆಯವರಿಗೂ ನಿಂತು ನೋಡುವ ಹಕ್ಕಿದೆ. ಸಿಕ್ಕ ವಸ್ತುಗಳ ಪಟ್ಟಿ ಅಲ್ಲೇ ತಯಾರಾಗಬೇಕು, ಪಂಚರ ಸಹಿ ಬೀಳಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಹೊಸ ಕಾನೂನಿನ 105ನೇ ಕಲಂ ಇನ್ನೊಂದು ಮಾತು ಸೇರಿಸಿದೆ: ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಮೊಬೈಲಿನಲ್ಲಾದರೂ ಸರಿ. ಪಟ್ಟಿ ಬರೆದು ಸಹಿ ಹಾಕಿಸುವುದೂ ಆ ವಿಡಿಯೊದಲ್ಲಿ ಇರಬೇಕು, ಮತ್ತು ಅದು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಪತ್ರದಲ್ಲಿ ಪಂಚರ ಮಾತೂ ಇಲ್ಲ, ವಿಡಿಯೊ ಮಾತೂ ಇಲ್ಲ. ನಿಮ್ಮ ವಕೀಲರು ಮೊದಲು ಕೇಳಬೇಕಾದ್ದು ಇವೆರಡನ್ನೇ.

ಪಂಚರು ಅಂದಾಗ ನನ್ನದೇ ಒಂದು ನೆನಪು. ಇಪ್ಪತ್ತೈದರ ವಯಸ್ಸಿನಲ್ಲಿ, ರಾಯಚೂರು ಜಿಲ್ಲೆಯ ಒಂದು ಊರಿನಲ್ಲಿ, ಕಳವಿನ ಕೇಸಿಗೆ ನನ್ನನ್ನು ಪಂಚನಾಗಿ ಕರೆದಿದ್ದರು. ಪೇದೆ ಒಂದು ಹಾಳೆ ಮುಂದಿಟ್ಟರು. ಮೇಲಿನ ನಾಲ್ಕು ಸಾಲಷ್ಟೇ ಬರೆದಿತ್ತು, ಕೆಳಗೆ ಪೂರ್ತಿ ಖಾಲಿ. 'ಸಹಿ ಮಾಡ್ರಿ, ಉಳಿದದ್ದು ನಾವು ಬರ್ಕೋತೀವಿ' ಅಂದರು. ಮಾಡಿಬಿಟ್ಟೆ. ಮೂರು ವರ್ಷದ ಮೇಲೆ ಕೋರ್ಟಿನಲ್ಲಿ ವಕೀಲರು ಚೀಲದ ಬಣ್ಣ ಯಾವುದು ಎಂದು ಕೇಳಿದರು. ನಾನು ಚೀಲವನ್ನೇ ನೋಡಿರಲಿಲ್ಲ. ಕಟಕಟೆಯಲ್ಲಿ ನಿಂತಿದ್ದ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಇದನ್ನು ಓದುವವರು ಯಾರೇ ಇರಲಿ, ಪಂಚರಾಗಲು ಕರೆದರೆ ಹೋಗಿ. ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕಿ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ.

ಇನ್ನು ಫೋನು. ಜೇಬಿನಲ್ಲಿದ್ದ ಫೋನನ್ನು ತೆಗೆದಿಡುವುದು ಬೇರೆ, ಅದರೊಳಗೆ ಇಣುಕುವುದು ಬೇರೆ. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟೇ ಇದನ್ನು ಹೇಳಿದೆ. ಕೋರ್ಟಿನ ಆದೇಶ ಇಲ್ಲದಿದ್ದಾಗ ಪಾಸ್‌ವರ್ಡ್ ಆಗಲಿ ಬೆರಳಚ್ಚಾಗಲಿ ಕೊಡುವುದು ಬಿಡುವುದು ಆರೋಪಿಗೆ ಬಿಟ್ಟದ್ದು. ಅವನು ಒಪ್ಪದಿದ್ದರೆ ತನಿಖಾಧಿಕಾರಿ ಕೋರ್ಟಿಗೆ ಹೋಗಬೇಕು. ಕೋರ್ಟು ಆದೇಶ ಕೊಟ್ಟರೆ ತೆರೆಯಬೇಕಾಗುತ್ತದೆ, ಅದನ್ನೂ ಅದೇ ತೀರ್ಪು ಹೇಳುತ್ತದೆ. ಬೆರಳು ಹಿಡಿದು ಒತ್ತಿಸುವುದಕ್ಕೆ ಅದರಲ್ಲಿ ಎಲ್ಲೂ ಜಾಗ ಇಲ್ಲ.

ಒಂದು ಕಹಿ ಮಾತನ್ನೂ ಹೇಳಬೇಕು. ಶೋಧ ತಪ್ಪಾಗಿ ನಡೆದಿದೆ ಎಂದ ಮಾತ್ರಕ್ಕೆ ಕೇಸು ಬಿದ್ದುಹೋಗುವುದಿಲ್ಲ. ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಕ್ರಮ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನು ಅಷ್ಟಕ್ಕೇ ತಳ್ಳಿಹಾಕಬೇಕಿಲ್ಲ ಎಂದಿದೆ. ಇದು ನನಗೆ ಸರಿ ಅನ್ನಿಸುವುದಿಲ್ಲ. ನಿಯಮ ಮುರಿದವರಿಗೆ ನಷ್ಟವೇ ಇಲ್ಲದಿದ್ದರೆ ನಿಯಮಕ್ಕೆ ಯಾರು ಹೆದರುತ್ತಾರೆ? ಆದರೂ ಪಂಚರಿಲ್ಲ, ಪಟ್ಟಿಯಿಲ್ಲ ಎಂಬುದು ದಾಖಲಾದರೆ ಜಪ್ತಿಯನ್ನು ನಂಬಬೇಕೋ ಬೇಡವೋ ಎಂದು ತೂಗುವಾಗ ನ್ಯಾಯಾಧೀಶರು ಅದನ್ನು ಗಮನಿಸುತ್ತಾರೆ. ಅದಕ್ಕೇ ಈಗಲೇ ಕಾಗದಕ್ಕೆ ಇಳಿಸಿ.

ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನೇನು ಒಯ್ದರು ಎಂದು ಬರೆದು ಜಿಲ್ಲಾ ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಪೋಸ್ಟಿನ ರಸೀದಿ ಜೋಪಾನ. ಇನ್ನೊಮ್ಮೆ ಯಾರಾದರೂ ಬಂದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಅದು ಹೊಸ ಕೇಸಿಗೆ ದಾರಿ. ಪಟ್ಟಿ ಕೇಳಿ, ಅಷ್ಟೇ. ವಕೀಲರಿಗೆ ದುಡ್ಡಿಲ್ಲ ಎಂದಿದ್ದೀರಿ. 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವ ನಿಮ್ಮ ತಮ್ಮನಿಗೆ ಉಚಿತ ವಕೀಲರು ಸಿಗಬೇಕು. ಕೆಳಗಿನ ಕೋರ್ಟಿನಲ್ಲಿ ಆಗದಿದ್ದರೆ ಕೊಪ್ಪಳದವರಿಗೆ ಧಾರವಾಡದ ಹೈಕೋರ್ಟ್ ಪೀಠ ಇದೆ.

ಸರಕ್ಕಾಗಿ ಮ್ಯಾಜಿಸ್ಟ್ರೇಟರ ಮುಂದೆ ಬೇರೆಯೇ ಅರ್ಜಿ ಹಾಕಿಸಿ. ಜಪ್ತಿಯಾದ ಚಿನ್ನವನ್ನು ಠಾಣೆಯಲ್ಲಿ ಜಾಸ್ತಿ ದಿನ ಕೊಳೆಹಾಕಬಾರದು, ಫೋಟೊ ತೆಗೆದು ಬಾಂಡ್ ಬರೆಸಿಕೊಂಡು ಹಕ್ಕುದಾರರಿಗೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರಭಾಯಿ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಸರ ನಿಮ್ಮದೇ ಎಂದು ತೋರಿಸಲು ಅಂಗಡಿ ಚೀಟಿ ಇಲ್ಲ ಎಂದು ಅವ್ವ ಕೊರಗುತ್ತಿದ್ದಾರಂತೆ. ಮನೆಯ ಹಳೇ ಆಲ್ಬಮ್ ತೆಗೆಯಿರಿ. ಯಾವುದಾದರೂ ಮದುವೆ ಫೋಟೊದಲ್ಲಿ ಆ ಬೋರಮಾಳ ಅವರ ಕೊರಳಲ್ಲಿ ಇದ್ದೇ ಇರುತ್ತದೆ. ಅದರ ಪ್ರತಿ ಮಾಡಿಸಿ ಅರ್ಜಿಯ ಜೊತೆ ಇಡಿ.