ಚಿಯಾ ಶುರು ಮಾಡಿದ ಮೇಲೆ ಹೊಟ್ಟೆ ಉಬ್ಬರ, ಮಲಬದ್ಧತೆ

ದಿನಾ ಮೂರು ಚಮಚ ಚಿಯಾ ಬೀಜ, ಜೊತೆಗೆ ಪಾಲಕ್ ಸ್ಮೂದಿ ಶುರು ಮಾಡಿದ ವಾರದಲ್ಲೇ ಹೀಗಾಯಿತು ಅಂದಿದ್ದೀರಿ. ಹೆಚ್ಚಾಗಿ ಇದು ನಾರಿನಂಶ ಒಮ್ಮೆಲೇ ಜಾಸ್ತಿಯಾಗಿ, ನೀರು ಸಾಲದೆ ಬಂದ ತೊಂದರೆ. 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರು ಇದೆ. ತನ್ನ ತೂಕದ ಹತ್ತು ಪಟ್ಟು ನೀರನ್ನೂ ಹೀರುತ್ತದೆ. ಒಣ ಬೀಜ ನುಂಗಲೇಬೇಡಿ, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು.

ಮೊದಲು ಎರಡು ಮೂರು ದಿನ ಚಿಯಾ ನಿಲ್ಲಿಸಿ, ಚೆನ್ನಾಗಿ ನೀರು ಕುಡಿಯಿರಿ. ಹೊಟ್ಟೆ ಹಗುರಾದ ಮೇಲೆ ಒಂದು ಟೀ ಚಮಚದಿಂದ ಮತ್ತೆ ಶುರು ಮಾಡಿ. ಲೋಟ ನೀರಿಗೆ ಹಾಕಿ ಕಲಕಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಕಿ. ಇಲ್ಲದಿದ್ದರೆ ತಳದಲ್ಲಿ ಗಂಟು ಕಟ್ಟುತ್ತದೆ. ಪ್ರತಿ ಬೀಜದ ಸುತ್ತ ಲೋಳೆ ಕಾಣಿಸಿದಾಗ ಕುಡಿಯಿರಿ. ಆಮೇಲೆ ವಾರಕ್ಕೊಂದು ಟೀ ಚಮಚದಂತೆ ಏರಿಸಿ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಸಾಕು. ಅದೆಲ್ಲ ಒಂದೇ ಬೀಜದಿಂದ ಬರಬೇಕಿಲ್ಲ ಅಲ್ವಾ? ಊಟದಲ್ಲಿ ಕಾಳು, ತರಕಾರಿ, ಹಣ್ಣು ಇದ್ದರೆ ಮೂರು ಚಮಚದ ಅಗತ್ಯವೇ ಬೀಳುವುದಿಲ್ಲ.

ಹಿಂದೆ ಕಿಡ್ನಿ ಕಲ್ಲು ಆಗಿದ್ದರೆ ದಿನಾ ಹಸಿ ಪಾಲಕ್ ಬೇಡ, ಅದರಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ.

ಬೇರೆ ಕಾರಣವೂ ಇರಬಹುದು. ಚಿಯಾ ಬಿಟ್ಟು ವಾರವಾದರೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಜೋರು ನೋವು, ವಾಂತಿ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ಅವತ್ತೇ ಹೋಗಿ.