ಗ್ಯಾರೇಜಿನ ಮೊದಲ ವರ್ಷ: ಆಯಿಲ್ ಬದಲಿಸುವ ಕೆಲಸದಲ್ಲಿ ಕಲಿಯುವುದೇನಿದೆ?

ವಾಹನ ದುರಸ್ತಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳಿರುವ ನಾಲ್ಕು ಪ್ರಶ್ನೆಗಳನ್ನು ಈ ಬಾರಿ ಉತ್ತರಿಸಲು ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಾರು ದುರಸ್ತಿಯ ಗ್ಯಾರೇಜಿಗೆ ಅಪ್ರೆಂಟಿಸ್ ಆಗಿ ಸೇರಿ ಮೂರು ತಿಂಗಳಾಯಿತು. ಆಯಿಲ್ ಬದಲಿಸುವುದು, ಚಕ್ರ ಬಿಚ್ಚಿ ಕೂರಿಸುವುದು, ನೆಲ ಒರೆಸುವುದು ಬಿಟ್ಟರೆ ಬೇರೆ ಕೆಲಸ ಕೊಟ್ಟಿಲ್ಲ. ಎಂಜಿನ್ ಕೆಲಸ ಕಲಿಯಬೇಕೆಂದು ಬಂದ ನನ್ನ ಸಮಯ ವ್ಯರ್ಥವಾಗುತ್ತಿದೆಯೇ?

ಉತ್ತರ: ನಿಮಗೆ ಕೊಟ್ಟಿರುವ ಕೆಲಸ ಸುಲಭದ್ದು ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಆಯಿಲ್ ಬದಲಿಸುವಾಗ ಆಗುವ ಒಂದು ಸಣ್ಣ ತಪ್ಪು ಇಡೀ ಎಂಜಿನ್ನನ್ನು ಕೆಲವೇ ನಿಮಿಷಗಳಲ್ಲಿ ಕೆಡಿಸಬಲ್ಲದು. ಹಳೆಯ ಫಿಲ್ಟರ್ ಬಿಚ್ಚಿದಾಗ ಕೆಲವೊಮ್ಮೆ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿರುತ್ತದೆ. ಅದನ್ನು ಗಮನಿಸದೆ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗುಗಳು ಒಂದರ ಮೇಲೊಂದು ಕುಳಿತು, ಎಂಜಿನ್ ಚಾಲೂ ಆಗಿ ಒತ್ತಡ ಏರಿದ ಕೂಡಲೇ ಜರುಗಿ, ಆಯಿಲೆಲ್ಲ ಹೊರಗೆ ಚೆಲ್ಲುತ್ತದೆ. ಆದ್ದರಿಂದ ಬಿಚ್ಚಿದ ಫಿಲ್ಟರನ್ನು ತಿರುಗಿಸಿ, ರಿಂಗ್ ಅದರಲ್ಲೇ ಇದೆಯೇ ಎಂದು ನೋಡುವುದು, ಎಂಜಿನ್ನಿನ ಬದಿಯನ್ನು ಬಟ್ಟೆಯಿಂದ ಒರೆಸುವುದು, ಹೊಸ ರಿಂಗಿಗೆ ಬೆರಳಿನಿಂದ ತುಸು ಆಯಿಲ್ ಸವರುವುದು, ಹಳೆಯ ಆಯಿಲ್ ಹೊರಬಿಡುವ ರಂಧ್ರದ ಡ್ರೈನ್ ಪ್ಲಗ್ಗನ್ನು ಮೊದಲ ಕೆಲವು ಸುತ್ತು ಬರಿಗೈಯಿಂದಲೇ ತಿರುಗಿಸುವುದು, ಇವೆಲ್ಲ ಒಮ್ಮೆಯೂ ತಪ್ಪದ ಅಭ್ಯಾಸವಾಗಬೇಕು. ಕೈಯಿಂದ ಸಲೀಸಾಗಿ ತಿರುಗದ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿದವನು ಥ್ರೆಡ್ ಹಾಳುಮಾಡುತ್ತಾನೆ. ಅಲ್ಯೂಮಿನಿಯಂ ಆಯಿಲ್ ಪ್ಯಾನಿನಲ್ಲಂತೂ ಅದು ಬಹಳ ಬೇಗ ಆಗುತ್ತದೆ. ಕೊನೆಗೆ ಎಂಜಿನ್ ಚಾಲೂ ಮಾಡಿ ಆಯಿಲ್ ದೀಪ ಕೆಲವೇ ಕ್ಷಣಗಳಲ್ಲಿ ಆರಿತೇ ಎಂದು ನೋಡಿ, ಕೆಳಗೆ ಬಗ್ಗಿ ಸೋರಿಕೆ ಪರೀಕ್ಷಿಸಿ, ಎಂಜಿನ್ ನಿಲ್ಲಿಸಿ, ಆಯಿಲ್ ಕೆಳಗಿಳಿಯುವಷ್ಟು ಹೊತ್ತು ಕಾದು, ಅದರ ಮಟ್ಟ ತೋರಿಸುವ ಡಿಪ್‌ಸ್ಟಿಕ್ ನೋಡಿದ ಮೇಲೆಯೇ ಕೆಲಸ ಮುಗಿಯಿತೆಂದು ಹೇಳಬೇಕು.

ಚಕ್ರದ ಕೆಲಸವೂ ಹೀಗೆಯೇ. ಸಾಮಾನ್ಯ ಕಾರುಗಳ ಚಕ್ರದ ನಟ್ಟುಗಳಿಗೆ ತಯಾರಕರು ಹೇಳುವ ಬಿಗಿತ ಹೆಚ್ಚಾಗಿ 80ರಿಂದ 140 ನ್ಯೂಟನ್ ಮೀಟರಿನ ನಡುವೆ ಇರುತ್ತದೆ. ನಿಖರವಾದ ಅಂಕಿಯನ್ನು ಆಯಾ ವಾಹನದ ಕೈಪಿಡಿಯಲ್ಲೇ ನೋಡಬೇಕು. ಒಂದಾದ ಮೇಲೆ ಅದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತ, ಚಕ್ರ ಸಮನಾಗಿ ಕೂರುವಂತೆ ನೋಡಿಕೊಂಡು, ಕಾರು ನೆಲಕ್ಕಿಳಿದ ಮೇಲೆ ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚಿನಿಂದ ಅಂತಿಮ ಬಿಗಿತ ಕೊಡಬೇಕು. ನಾನು ಕಲಿಯುತ್ತಿದ್ದ ವರ್ಷದಲ್ಲಿ, ನಟ್ಟುಗಳನ್ನು ಕೈಯಳತೆಗೆ ಬಿಗಿದು, ಯಾರೋ ಕರೆದರೆಂದು ಎದ್ದುಹೋಗಿ, ಟಾರ್ಕ್ ರೆಂಚ್ ಹಾಕುವುದನ್ನೇ ಮರೆತಿದ್ದೆ. ಗಡಗಡ ಸದ್ದು ಬರುತ್ತಿದೆ ಎಂದು ಮಾಲೀಕರು ಅದೇ ಸಂಜೆ ಕಾರನ್ನು ವಾಪಸು ತಂದರು. ಅಂದಿನಿಂದ ಯಾರು ಕರೆದರೂ, ಹಿಡಿದ ಚಕ್ರ ಮುಗಿಯದೆ ನಾನು ಏಳುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ಆಯಿಲ್ ಸೋರಿ ಮುಗಿಯುವ ಹತ್ತು ನಿಮಿಷ ನಿಮ್ಮ ಕೈ ಖಾಲಿ ಇರುತ್ತದೆ, ಕಾರು ತಲೆಯ ಮೇಲೆ ಇರುತ್ತದೆ. ಆ ಹೊತ್ತಿನಲ್ಲಿ ಟೈರುಗಳನ್ನು ಓದಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿತ್ತು, ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ ಕೆಟ್ಟಿದೆ ಅಥವಾ ಸಸ್ಪೆನ್ಷನ್ನಿನ ಯಾವುದೋ ಭಾಗ ಸಡಿಲವಾಗಿದೆ ಎಂದು ತಿಳಿಯುತ್ತದೆ. ಆಕ್ಸಲ್ಲಿನ ರಬ್ಬರ್ ಬೂಟು ಹರಿದು ಗ್ರೀಸ್ ಚಿಮ್ಮಿದೆಯೇ, ಶಾಕ್ ಅಬ್ಸಾರ್ಬರ್ ಒದ್ದೆಯಾಗಿದೆಯೇ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಎಂಬುದನ್ನೆಲ್ಲ ನೋಡಿ, ಕಂಡದ್ದನ್ನು ಹಿರಿಯ ಮೆಕ್ಯಾನಿಕ್ಕಿಗೆ ಹೇಳಿ. ಮೂರು ತಿಂಗಳಲ್ಲಿ ನೀವು ನೂರಾರು ಕಾರುಗಳ ಅಡಿಭಾಗವನ್ನು ನೋಡಿರಬಹುದು. ಸರಿಯಾಗಿರುವ ಭಾಗ ಹೇಗಿರುತ್ತದೆ ಎಂಬುದು ಕಣ್ಣಿಗೆ ಅಷ್ಟು ಸಲ ಬಿದ್ದಿರದಿದ್ದರೆ, ಕೆಟ್ಟದ್ದು ಎದುರಿಗೇ ಇದ್ದರೂ ಗುರುತು ಸಿಗುವುದಿಲ್ಲ. ಹಾಗೆ ಕಂಡದ್ದನ್ನು ಹೇಳುವ ಹುಡುಗನನ್ನೇ ಹಿರಿಯರು ಎಂಜಿನ್ ಬಿಚ್ಚುವಾಗ ಪಕ್ಕಕ್ಕೆ ಕರೆಯುತ್ತಾರೆ. ಆದರೆ ವರ್ಷ ಕಳೆದರೂ ನೆಲ ಒರೆಸುವುದೇ ಮುಖ್ಯ ಕೆಲಸವಾಗಿ ಉಳಿದರೆ, ಅದು ತರಬೇತಿಯಲ್ಲ. ಆಗ ಕಲಿಕೆಯ ಯೋಜನೆ ಏನೆಂದು ನೇರವಾಗಿ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಸ್ವಂತ ಉಪಕರಣಗಳನ್ನು ಒಮ್ಮೆಗೇ ದೊಡ್ಡ ಸೆಟ್ಟಾಗಿ ಕೊಳ್ಳಬೇಕೇ?

ಉತ್ತರ: ಬೇಡ. ಇನ್ನೂರು ತುಂಡುಗಳ ಪೆಟ್ಟಿಗೆಯಲ್ಲಿ ದಿನವೂ ಕೈಗೆ ಬರುವುದು ಇಪ್ಪತ್ತು ಮಾತ್ರ. 8ರಿಂದ 19 ಮಿಲಿಮೀಟರಿನವರೆಗಿನ ಕಾಂಬಿನೇಷನ್ ಸ್ಪ್ಯಾನರುಗಳು, ಕಾಲು ಇಂಚು ಮತ್ತು ಅರ್ಧ ಇಂಚಿನ ರ‍್ಯಾಚೆಟ್, ಅವುಗಳ ಸಾಕೆಟ್ಟುಗಳು, ಒಳ್ಳೆಯ ಸ್ಕ್ರೂಡ್ರೈವರುಗಳು, ಪ್ಲೈಯರ್, ಮಲ್ಟಿಮೀಟರ್ ಮತ್ತು ತಲೆಗೆ ಕಟ್ಟುವ ದೀಪ ಇದ್ದರೆ ಮೊದಲ ವರ್ಷ ಸಾಗುತ್ತದೆ. ಸಾಕೆಟ್ ಕೊಳ್ಳುವಾಗ ಹನ್ನೆರಡು ಮೂಲೆಯದಕ್ಕಿಂತ ಆರು ಮೂಲೆಯದನ್ನು ಆರಿಸಿಕೊಳ್ಳಿ, ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಅದು ಸುಲಭಕ್ಕೆ ಸವೆಸುವುದಿಲ್ಲ. 10 ಮಿಲಿಮೀಟರಿನದನ್ನು ಮಾತ್ರ ಎರಡು ಕೊಳ್ಳಿ, ಏಕೆಂದರೆ ಒಂದು ಕಳೆದೇ ಕಳೆಯುತ್ತದೆ. ಟಾರ್ಕ್ ರೆಂಚನ್ನು ನಟ್ಟು ಬಿಚ್ಚಲು ಬಳಸಬೇಡಿ, ಕೆಲಸ ಮುಗಿದ ಮೇಲೆ ಅದರ ಅಳತೆಯನ್ನು ಕನಿಷ್ಠ ಗುರುತಿಗೆ ಇಳಿಸಿ ಇಡಿ.

ಉಪಕರಣಕ್ಕಿಂತ ಮೊದಲು ನೈಟ್ರೈಲ್ ಕೈಗವಸು ಮತ್ತು ಕನ್ನಡಕಕ್ಕೆ ಹಣ ಎತ್ತಿಡಿ. ಬಳಸಿದ ಎಂಜಿನ್ ಆಯಿಲ್ ವರ್ಷಗಟ್ಟಲೆ ಚರ್ಮಕ್ಕೆ ತಾಗುತ್ತಿದ್ದರೆ ಕ್ಯಾನ್ಸರಿನ ಅಪಾಯವೂ ಇದೆ. ಉಂಗುರ, ಕೈಗಡಿಯಾರಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ, ಸ್ಟ್ಯಾಂಡ್ ಇಡದೆ, ಯಾರು ಹೇಳಿದರೂ ನುಸುಳಬೇಡಿ.

ಪ್ರಶ್ನೆ: ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿದಾಗ ಪಿ 0171 ಎಂಬ ಕೋಡ್ ಬಂತು. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದುಕೊಂಡು ಬದಲಿಸಿದೆ. ಎರಡು ದಿನದಲ್ಲಿ ಎಂಜಿನ್ ಎಚ್ಚರಿಕೆಯ ದೀಪ ಮತ್ತೆ ಹೊತ್ತಿತು, ಹಿರಿಯರು ಎಲ್ಲರೆದುರು ಬೈದರು. ಕೋಡ್ ಹೇಳಿದ್ದನ್ನೇ ಮಾಡಿದ ನನ್ನ ತಪ್ಪೇನು?

ಉತ್ತರ: ಎಲ್ಲರೆದುರು ಬೈದದ್ದು ಸರಿಯಲ್ಲ. ಆದರೆ ಸೆನ್ಸರ್ ಬದಲಿಸಿ ಎಂದು ಆ ಕೋಡ್ ಹೇಳಿರಲಿಲ್ಲ. ಎಂಜಿನ್ನಿನ ಒಂದನೆಯ ಬ್ಯಾಂಕಿನಲ್ಲಿ, ಅಂದರೆ ಸಿಲಿಂಡರುಗಳ ಒಂದನೆಯ ಸಾಲಿನಲ್ಲಿ, ಗಾಳಿಯ ಪಾಲು ಹೆಚ್ಚಾಗಿ ಇಂಧನದ ಪಾಲು ಕಡಿಮೆಯಾಗಿದೆ ಎಂದಷ್ಟೇ ಅದರ ಅರ್ಥ. ಆಕ್ಸಿಜನ್ ಸೆನ್ಸರ್ ಇಲ್ಲಿ ದೂರು ಕೊಟ್ಟವನು. ದೂರು ಕೊಟ್ಟವನನ್ನೇ ನೀವು ಕಳ್ಳನೆಂದು ಹಿಡಿದಿರಿ. ಗಾಳಿ ಅಳೆಯುವ ಸೆನ್ಸರನ್ನು ದಾಟಿದ ಮೇಲೆ ಎಲ್ಲೋ ಸೀಳಿದ ಪೈಪಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿರಬಹುದು, ಗಾಳಿ ಅಳೆಯುವ ಆ ಸೆನ್ಸರೇ ಕೊಳೆಯಾಗಿ ಕಡಿಮೆ ಹೇಳುತ್ತಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಬಿದ್ದಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಪೈಪಿನಲ್ಲಿ ಸೋರಿಕೆಯಿರಬಹುದು.

ಇವುಗಳಲ್ಲಿ ಯಾವುದು ಎಂದು ಬೇರ್ಪಡಿಸಲು ಅದೇ ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಅಂಕಿಯಿದೆ. ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಇಂಧನವನ್ನು ಕಂಪ್ಯೂಟರ್ ಕೊಡುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಈ ಅಂಕಿ ಬಹಳ ಹೆಚ್ಚಿದ್ದು, ವೇಗವನ್ನು ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ ಸಹಜ ಮಟ್ಟಕ್ಕೆ ಇಳಿದರೆ, ಗಾಳಿಯ ಸೋರಿಕೆಯನ್ನು ಹುಡುಕಿ. ಒಟ್ಟು ಗಾಳಿ ಕಡಿಮೆಯಿರುವಾಗ ಸಣ್ಣ ಸೀಳಿನ ಪಾಲು ದೊಡ್ಡದಾಗಿ ಕಾಣುತ್ತದೆ, ಗಾಳಿ ಹೆಚ್ಚಿದಂತೆ ಅದೇ ಸೀಳು ಲೆಕ್ಕಕ್ಕೆ ಬಾರದಷ್ಟಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಭಾರ ಮತ್ತು ವೇಗ ಏರಿದಂತೆ ಅಂಕಿಯೂ ಏರುತ್ತ ಹೋದರೆ, ಪಂಪು ಬೇಕಾದಷ್ಟು ಇಂಧನ ಒದಗಿಸುತ್ತಿಲ್ಲ ಅಥವಾ ಗಾಳಿಯ ಸೆನ್ಸರ್ ಕಡಿಮೆ ಅಳೆಯುತ್ತಿದೆ ಎಂಬ ಅನುಮಾನ ಬರಬೇಕು, ಆಗ ಇಂಧನದ ಒತ್ತಡವನ್ನು ಗೇಜಿನಿಂದ ಅಳೆಯಬೇಕು. ಹತ್ತು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟದ್ದೇ ನಿಮ್ಮ ತಪ್ಪು.

ವಿದ್ಯುತ್ತಿನ ದೋಷಗಳಲ್ಲೂ ಇದೇ ಕ್ರಮ ನಡೆಯುತ್ತದೆ. ಸ್ಟಾರ್ಟರ್ ನಿಧಾನವಾಗಿ ತಿರುಗುತ್ತದೆ ಎಂದ ಕೂಡಲೇ ಸ್ಟಾರ್ಟರ್ ಬಿಚ್ಚಬೇಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಅದು ಸರಿಯಿದ್ದರೆ, ಸ್ಟಾರ್ಟರ್ ತಿರುಗುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಅರ್ಥ್ ಕೇಬಲ್ಲಿನಲ್ಲೋ ಅದರ ತುಕ್ಕು ಹಿಡಿದ ತುದಿಯಲ್ಲೋ ಇದೆ. ಸ್ಯಾಂಡ್‌ಪೇಪರಿನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಸ್ಟಾರ್ಟರ್ ಹಾಕಿದ ಕಾರುಗಳನ್ನು ನಾನು ಸಾಕಷ್ಟು ನೋಡಿದ್ದೇನೆ, ಹಾಕಿದವರೆಲ್ಲ ಹೊಸಬರೇ ಆಗಿರಲಿಲ್ಲ.

ಪ್ರಶ್ನೆ: ಮುಂದೆ ವಿದ್ಯುತ್ ಕಾರುಗಳೇ ಬರುತ್ತವೆ ಎನ್ನುತ್ತಾರೆ. ಈಗ ಎಂಜಿನ್ ಕೆಲಸ ಕಲಿತು ಪ್ರಯೋಜನವಿದೆಯೇ?

ಉತ್ತರ: ಇದೆ. ರಸ್ತೆಯಲ್ಲಿರುವ ಎಂಜಿನ್ ಕಾರುಗಳು ಒಂದೇ ದಿನಕ್ಕೆ ಮಾಯವಾಗುವುದಿಲ್ಲ. ವಿದ್ಯುತ್ ಕಾರಿಗೂ ಬ್ರೇಕು, ಸಸ್ಪೆನ್ಷನ್, ಸ್ಟೀರಿಂಗ್, ಟೈರು, ಕೂಲೆಂಟ್ ಇದ್ದೇ ಇವೆ. ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿಯೂ ಇರುತ್ತದೆ. ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡುವುದರಿಂದ ಅದರ ಬ್ರೇಕ್ ಡಿಸ್ಕು ಸವೆಯುವುದಕ್ಕಿಂತ ಮೊದಲು ತುಕ್ಕು ಹಿಡಿಯುವುದುಂಟು, ಹಾಗಾಗಿ ಬ್ರೇಕ್ ಪರೀಕ್ಷೆಯ ಕೆಲಸವೇನೂ ಕಡಿಮೆಯಾಗುವುದಿಲ್ಲ. ಮಲ್ಟಿಮೀಟರ್ ಮತ್ತು ವೈರಿಂಗ್ ನಕ್ಷೆಯನ್ನು ಈಗಲೇ ಚೆನ್ನಾಗಿ ರೂಢಿಸಿಕೊಂಡವರಿಗೆ ಆ ಕಡೆಗೆ ಹೊರಳುವುದು ಕಷ್ಟವಾಗದು.

ಒಂದು ಎಚ್ಚರಿಕೆ ಮಾತ್ರ ಈಗಿನಿಂದಲೇ ಬೇಕು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್ ಎಂದು ತಿಳಿಯಿರಿ. ಹೆಚ್ಚಿನ ವಿದ್ಯುತ್ ಕಾರುಗಳ ಬ್ಯಾಟರಿ 400 ಅಥವಾ 800 ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಸಂಪರ್ಕ ಕಡಿದ ಮೇಲೂ ಕೆಪ್ಯಾಸಿಟರುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ. ಅದನ್ನು ಕಡಿಯುವ ಕ್ರಮ, ಕಾಯಬೇಕಾದ ನಿಮಿಷಗಳು, ವಿದ್ಯುತ್ ಶೂನ್ಯವಾಗಿದೆ ಎಂದು ಅಳೆದು ಖಚಿತಪಡಿಸಿಕೊಳ್ಳುವ ರೀತಿ, ಇವುಗಳಲ್ಲಿ ಪ್ರತ್ಯೇಕ ತರಬೇತಿ ಪಡೆಯುವವರೆಗೆ ಆ ಕೇಬಲ್ಲಿಗೆ ಕೈ ಹಾಕಬೇಡಿ. ಹಿರಿಯರು ಅವಸರಪಡಿಸಿದರೆ, ಈ ತರಬೇತಿ ನನಗಾಗಿಲ್ಲ ಎಂದು ಹೇಳಿ ಹಿಂದೆ ಸರಿಯಿರಿ.